80 ಸೀಟಿನ ಜರಡಿ

ಮಳೆಗಾಲ ಹಿಡಿಯಿತು ಅಂದರೆ ತಾಲೂಕು ಕೇಂದ್ರದ ಸೈಬರ್ ಸೆಂಟರ್‌ಗಳಲ್ಲಿ ಒಂದು ಮಾತು ಓಡಾಡುತ್ತದೆ: "ನವೋದಯದ ಅರ್ಜಿ ಬಿಟ್ಟಿದ್ದಾರಂತೆ." ಬಸ್ ಸ್ಟ್ಯಾಂಡಿನ ಗೋಡೆ ಮೇಲೆ "ನವೋದಯ, ಸೈನಿಕ, ಮೊರಾರ್ಜಿ ಕೋಚಿಂಗ್" ಎಂಬ ಬೋರ್ಡುಗಳು ತೂಗುತ್ತವೆ. ಐದನೇ ಕ್ಲಾಸಿನ ಮಗು ಶಾಲೆ ಬಿಟ್ಟ ಮೇಲೆ ಮತ್ತೊಂದು ಶಾಲೆಗೆ ಹೋಗತೊಡಗುತ್ತದೆ.

ಲೆಕ್ಕ ಸರಳ. ಒಂದು ಜವಾಹರ್ ನವೋದಯ ವಿದ್ಯಾಲಯದಲ್ಲಿ ಆರನೇ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಸೀಟು. ನಿಮ್ಮ ಜಿಲ್ಲೆಯಲ್ಲಿ 1,000 ಹಳ್ಳಿ ಶಾಲೆಗಳಿವೆ ಅಂದುಕೊಳ್ಳಿ. ಹನ್ನೆರಡು ಹದಿಮೂರು ಶಾಲೆಗೆ ಒಂದು ಸೀಟು ಬಂತು. ದೇಶದಾದ್ಯಂತ ಸುಮಾರು 50 ಸಾವಿರ ಸೀಟಿಗೆ ಈಚಿನ ವರ್ಷಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಅರ್ಜಿ ಹಾಕುತ್ತಿದ್ದಾರೆ.

ಸೀಟು ಸಿಕ್ಕ ಮಗುವಿಗೆ ಊಟ, ವಸತಿ, ಪುಸ್ತಕ, ಬಟ್ಟೆ, ಲ್ಯಾಬು, ಆಟದ ಮೈದಾನ, ಹನ್ನೆರಡನೇ ತರಗತಿಯವರೆಗೆ ಓದು. ಸಿಗದ ಮಗು ಅದೇ ಹಳೇ ಶಾಲೆಗೆ ವಾಪಸ್. ಇಬ್ಬರ ನಡುವಿನ ಅಂತರ ಕೆಲವೊಮ್ಮೆ ಒಂದು ಅಂಕ.

"ಜಾಣ ಮಕ್ಕಳಿಗೆ ಬೇರೆ ಶಾಲೆ" ಎಂಬ ಈ ಯೋಚನೆ ಎಲ್ಲಿಂದ ಬಂತು? ಹತ್ತು ವರ್ಷದ ಮಗುವನ್ನು ಎರಡು ಗಂಟೆಯ ಪರೀಕ್ಷೆಯಲ್ಲಿ ತೂಗಬಹುದು ಅಂತ ಮೊದಲು ಹೇಳಿದವರು ಯಾರು? ಆ ತಕ್ಕಡಿ ಎಲ್ಲರಿಗೂ ಒಂದೇ ರೀತಿ ತೂಗಿದೆಯಾ? ನೂರಿಪ್ಪತ್ತು ವರ್ಷದ ಕತೆ ಇದು. ಪ್ಯಾರಿಸ್‌ನಲ್ಲಿ ಶುರುವಾಗಿ, ಮೈಸೂರು, ಧಾರವಾಡ ಹಾದು ನಮ್ಮ ಜಿಲ್ಲೆಗೆ ಬಂದು ಮುಟ್ಟುತ್ತದೆ.

ಕೈಹಿಡಿಯಲು ಹುಟ್ಟಿದ ಪರೀಕ್ಷೆ

1904ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಸಮಿತಿ ಮಾಡಿತು. ಎಲ್ಲ ಮಕ್ಕಳೂ ಶಾಲೆಗೆ ಬರಲೇಬೇಕೆಂಬ ಕಾನೂನು ಅಲ್ಲಿ ಆಗಲೇ ಬಂದಿತ್ತು. ಮಕ್ಕಳೇನೋ ಬಂದರು, ಆದರೆ ಕೆಲವರಿಗೆ ಪಾಠ ಹತ್ತುತ್ತಿರಲಿಲ್ಲ. ಅಂಥವರನ್ನು ಮೇಷ್ಟ್ರ ಮರ್ಜಿಯ ಮೇಲೆ "ದಡ್ಡ" ಎಂದು ತಳ್ಳದೆ, ಸರಿಯಾಗಿ ಗುರುತಿಸಿ ಸಹಾಯ ಮಾಡುವುದು ಹೇಗೆ? ಈ ಕೆಲಸಕ್ಕೆ ಕೈಹಾಕಿದ ಆಲ್ಫ್ರೆಡ್ ಬಿನೆ ಎಂಬ ಮನೋವಿಜ್ಞಾನಿ 1905ರಲ್ಲಿ ತಮ್ಮ ಸಹಾಯಕ ಥಿಯೋಡರ್ ಸಿಮೋನ್ ಜೊತೆ ಸೇರಿ ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಸುಲಭದಿಂದ ಕಷ್ಟಕ್ಕೆ ಹೋಗುವ ಪ್ರಶ್ನೆಗಳು. ಆಧುನಿಕ ಬುದ್ಧಿಮಟ್ಟ ಪರೀಕ್ಷೆ ಶುರುವಾದದ್ದು ಅಲ್ಲಿಂದ.

ಒಂದು ವಿಷಯ ಗಮನಿಸಿ. ಬಿನೆ ಹುಡುಕುತ್ತಿದ್ದದ್ದು ಹಿಂದೆ ಬಿದ್ದ ಮಗುವನ್ನು. ಮುಂದೆ ಓಡುವ ಮಗುವನ್ನಲ್ಲ. ಬುದ್ಧಿ ಎನ್ನುವುದು ಹುಟ್ಟಿನಿಂದ ಸಾಯುವತನಕ ಒಂದೇ ಅಳತೆ, ಅದು ಹೆಚ್ಚುವುದೇ ಇಲ್ಲ ಎಂಬ ವಾದವನ್ನು ಅವರು ಒಪ್ಪುತ್ತಿರಲಿಲ್ಲ. ಕಲಿಸಿದರೆ ಮಗು ಬೆಳೆಯುತ್ತದೆ ಎನ್ನುವುದೇ ಅವರ ನಂಬಿಕೆ. 1911ರಲ್ಲಿ ಅವರು ತೀರಿಕೊಂಡರು. ಅವರ ಪಟ್ಟಿ ಮಾತ್ರ ಸಮುದ್ರ ದಾಟಿತು.

ಜರಡಿಯಿಂದ ಜಾರಿದ ಇಬ್ಬರು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಈ ಪರೀಕ್ಷೆಯನ್ನು ತಮ್ಮ ದೇಶಕ್ಕೆ ಹೊಂದಿಸಿದರು. ಅವರ ನಂಬಿಕೆ ಬಿನೆಯ ನಂಬಿಕೆಗೆ ತದ್ವಿರುದ್ಧ. ಬುದ್ಧಿ ವಂಶದಿಂದ ಬರುತ್ತದೆ, ಅದನ್ನು ಅಳೆದು ಮೇಲಿನವರನ್ನು ಬೇರೆ ಮಾಡಬೇಕು ಎಂದರು. 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಂದ 1,500ಕ್ಕೂ ಹೆಚ್ಚು "ಪ್ರತಿಭಾವಂತ" ಮಕ್ಕಳನ್ನು ಆರಿಸಿ ಜೀವನಪೂರ್ತಿ ಅವರನ್ನು ಹಿಂಬಾಲಿಸುವ ಅಧ್ಯಯನ ಆರಂಭಿಸಿದರು.

ಆರಿಸಿದ್ದು ಹೇಗೆ? ಎಲ್ಲ ಮಕ್ಕಳಿಗೂ ಪರೀಕ್ಷೆ ಇಡಲಿಲ್ಲ. "ನಿಮ್ಮ ಕ್ಲಾಸಿನ ಜಾಣರ ಹೆಸರು ಕೊಡಿ" ಎಂದು ಮೊದಲು ಮೇಷ್ಟ್ರುಗಳನ್ನು ಕೇಳಿದರು. ಹೆಸರು ಬಂದವರಿಗೆ ಪರೀಕ್ಷೆ. ಕೊನೆಗೆ ಪಟ್ಟಿ ನೋಡಿದರೆ ಬಹುಪಾಲು ಬಿಳಿಯರ, ಅನುಕೂಲಸ್ಥರ ಮನೆಯ ಮಕ್ಕಳು.

ಆ ಜರಡಿಯಲ್ಲಿ ನಿಲ್ಲದೆ ಜಾರಿಹೋದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಎಂಬ ಇಬ್ಬರು ಹುಡುಗರಿದ್ದರು. ಶಾಕ್ಲಿಗೆ 1956ರಲ್ಲಿ, ಆಲ್ವರೆಜ್‌ಗೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಆಯ್ಕೆಯಾದ ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಆಯ್ಕೆಯಾದವರು ದಡ್ಡರು ಅಂತಲ್ಲ. ಅವರಲ್ಲಿ ಎಷ್ಟೋ ಜನ ಒಳ್ಳೆಯ ಕೆಲಸದಲ್ಲಿ ನೆಲೆನಿಂತರು. ಆದರೆ ಬಾಲ್ಯದ ಒಂದು ಪರೀಕ್ಷೆ ಎಷ್ಟನ್ನು ಹೇಳಬಲ್ಲದು, ಎಷ್ಟನ್ನು ಹೇಳಲಾರದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮೈಸೂರಿನ ಜಗಳ, ಧಾರವಾಡದ ಕೆಲಸ

ಇದೇ ವರ್ಷಗಳಲ್ಲಿ ನಮ್ಮ ನೆಲದಲ್ಲೂ "ಯೋಗ್ಯತೆ ಅಂದರೇನು" ಎಂಬ ಜಗಳ ನಡೆಯುತ್ತಿತ್ತು. ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಒಂದೇ ಜಾತಿಯವರು ತುಂಬಿದ್ದಾರೆ ಎಂಬ ದೂರು ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹಿಂದುಳಿದವರಿಗೆ ಹುದ್ದೆಯಲ್ಲಿ ಪಾಲು, ಓದಿಗೆ ವಿದ್ಯಾರ್ಥಿವೇತನ ಕೊಡಬೇಕೆಂದು ಸಮಿತಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಓದು ಹರಡಲಿ, ಆದರೆ ಆಯ್ಕೆ ಯೋಗ್ಯತೆಯ ಮೇಲೇ ಇರಲಿ ಎಂಬುದು ಅವರ ನಿಲುವು. ಅವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ.

ನೂರು ವರ್ಷ ಕಳೆದರೂ ಆ ಎರಡು ಮಾತು ನಮ್ಮ ಅರಳೀಕಟ್ಟೆಯಲ್ಲಿ ಇನ್ನೂ ಎದುರುಬದುರು ಕೂತಿವೆ. ಒಬ್ಬರು "ಓಟದಲ್ಲಿ ಗೆದ್ದವನಿಗೆ ಬಹುಮಾನ" ಅನ್ನುತ್ತಾರೆ. ಇನ್ನೊಬ್ಬರು "ಎಲ್ಲರೂ ಒಂದೇ ಗೆರೆಯಿಂದ ಓಡಿದರಾ?" ಅನ್ನುತ್ತಾರೆ.

ಧಾರವಾಡದ ಕಡೆ ಇನ್ನೊಂದು ಕೆಲಸ ನಡೆಯಿತು. ಅದರ ಬಗ್ಗೆ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ವಿ.ವಿ. ಕಾಮತ್ ಎಂಬ ಶಿಕ್ಷಣತಜ್ಞರು 1930ರ ದಶಕದಲ್ಲಿ ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಪರದೇಶದ ಪ್ರಶ್ನೆಯನ್ನು ಸುಮ್ಮನೆ ಅನುವಾದಿಸಿದರೆ ಇಲ್ಲಿಯ ಮಗುವಿಗೆ ಅನ್ಯಾಯವಾಗುತ್ತದೆ, ಆ ಮಗು ಬೆಳೆದ ಮನೆ, ಆಡುವ ಮಾತು ಎರಡೂ ಲೆಕ್ಕಕ್ಕೆ ಬರಬೇಕು ಎಂಬುದು ಇಂಥ ಕೆಲಸದ ಹಿಂದಿನ ತಿಳಿವು. ಈ ಬಗ್ಗೆ ಅವರ ಪುಸ್ತಕ 1940ರಲ್ಲಿ ಬಂತು.

ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ. ಎಲ್ಲಿ ಗೊತ್ತಾ? ಕಲಿಕೆಯಲ್ಲಿ ತೀರಾ ಹಿಂದೆ ಇರುವ ಮಗುವಿಗೆ ಅಂಗವಿಕಲತೆ ಪ್ರಮಾಣಪತ್ರ, ಸೌಲಭ್ಯ ಕೊಡುವಾಗ ಆಸ್ಪತ್ರೆಗಳಲ್ಲಿ. ಅಂದರೆ ಬಿನೆ ಯಾವುದಕ್ಕಾಗಿ ಪರೀಕ್ಷೆ ಮಾಡಿದರೋ, ಕನ್ನಡದ ಮಕ್ಕಳ ಮಟ್ಟಿಗೆ ಅದು ಆ ಕೆಲಸಕ್ಕೇ ವಾಪಸ್ ಬಂತು.

ಇಂಗ್ಲೆಂಡಿನ ಹನ್ನೊಂದನೇ ವರ್ಷ

ಜರಡಿಯನ್ನು ಇಡೀ ದೇಶದ ಮೇಲೆ ಹಾಸಿದ್ದು ಇಂಗ್ಲೆಂಡ್. 1944ರ ಶಿಕ್ಷಣ ಕಾಯ್ದೆಯಿಂದ ಹೈಸ್ಕೂಲು ಎಲ್ಲರಿಗೂ ಉಚಿತವಾಯಿತು. ದೊಡ್ಡ ಹೆಜ್ಜೆಯೇ. ಆದರೆ ಹನ್ನೊಂದನೇ ವಯಸ್ಸಿನಲ್ಲಿ ಒಂದು ಪರೀಕ್ಷೆ ಇಟ್ಟರು. ಪಾಸಾದವರಿಗೆ ಗ್ರಾಮರ್ ಸ್ಕೂಲು, ಅಲ್ಲಿಂದ ಯೂನಿವರ್ಸಿಟಿ ದಾರಿ. ಉಳಿದ ಬಹುಪಾಲು ಮಕ್ಕಳಿಗೆ ಸೆಕೆಂಡರಿ ಮಾಡರ್ನ್ ಶಾಲೆ, ಅಲ್ಲಿಂದ ಕೂಲಿ ಅಥವಾ ಕಾರ್ಖಾನೆ. ಹೆಸರಿಗೆ ಇಬ್ಬರೂ ಸಮಾನರು. ಅಲ್ಲಿಯ ಅಪ್ಪ ಅಮ್ಮಂದಿರಿಗೆ ಮಾತ್ರ "ಪಾಸ್" ಮತ್ತು "ಫೇಲ್" ಎರಡೇ ಪದ ಗೊತ್ತಿದ್ದದ್ದು.

ಸ್ವಲ್ಪ ವರ್ಷದಲ್ಲೇ ಜರಡಿಯ ತೂತುಗಳು ಕಾಣತೊಡಗಿದವು. ಕೆಲವು ಕಡೆ ಗ್ರಾಮರ್ ಸ್ಕೂಲುಗಳು ಹೆಚ್ಚು, ಕೆಲವು ಕಡೆ ಕಡಿಮೆ. ಒಂದು ಊರಿನಲ್ಲಿ ಪಾಸಾಗುವ ಮಗು ಪಕ್ಕದ ಊರಿನಲ್ಲಿ ಹುಟ್ಟಿದ್ದರೆ ಫೇಲು. ಆ ವಯಸ್ಸಿನಲ್ಲಿ ಹುಡುಗಿಯರು ಹೆಚ್ಚು ಅಂಕ ತೆಗೆಯುತ್ತಿದ್ದರು. ಸೀಟೆಲ್ಲ ಅವರಿಗೇ ಹೋಗಿಬಿಡುತ್ತದೆಂದು ಅನೇಕ ಕಡೆ ಹುಡುಗಿಯರಿಗೆ ಹೆಚ್ಚಿನ ಪಾಸ್ ಮಾರ್ಕ್ ಇಟ್ಟರು. ಕೂಲಿಕಾರರ ಮನೆಯ ಮಕ್ಕಳಿಗಿಂತ ಗುಮಾಸ್ತರ, ಡಾಕ್ಟರ, ಮೇಷ್ಟ್ರ ಮಕ್ಕಳು ಎಷ್ಟೋ ಪಾಲು ಹೆಚ್ಚು ಒಳಗೆ ಹೋದರು.

ಈ ವ್ಯವಸ್ಥೆಗೆ ವಿಜ್ಞಾನದ ಬೆಂಬಲ ಕೊಟ್ಟವರಲ್ಲಿ ಸಿರಿಲ್ ಬರ್ಟ್ ದೊಡ್ಡ ಹೆಸರು. ಬುದ್ಧಿ ಹುಟ್ಟಿನಿಂದಲೇ ಬರುತ್ತದೆ ಎನ್ನುವುದಕ್ಕೆ ಅವರು ಅವಳಿ ಮಕ್ಕಳ ಅಂಕಿ ಅಂಶ ತೋರಿಸುತ್ತಿದ್ದರು. 1971ರಲ್ಲಿ ಅವರು ತೀರಿಕೊಂಡ ಮೇಲೆ ಬೇರೆಯವರು ಆ ಲೆಕ್ಕ ತೆಗೆದು ನೋಡಿದರು. ಅಧ್ಯಯನ ಮಾಡಿದ ಅವಳಿಗಳ ಸಂಖ್ಯೆ ಹೆಚ್ಚುತ್ತಾ ಹೋದರೂ ಉತ್ತರ ಮಾತ್ರ ದಶಮಾಂಶದ ಮೂರನೇ ಸ್ಥಾನದವರೆಗೂ ಹಾಗೇ ಇತ್ತು. ನಿಜವಾದ ಲೆಕ್ಕ ಹಾಗಿರುವುದಿಲ್ಲ. ಬರ್ಟ್ ಬೇಕೆಂದೇ ಮಾಡಿದರೋ ಅಜಾಗರೂಕತೆಯೋ ಎಂಬ ವಾದ ಇನ್ನೂ ನಿಂತಿಲ್ಲ. ಆ ಅಂಕಿಗಳನ್ನು ಮಾತ್ರ ಯಾರೂ ನಂಬುವುದಿಲ್ಲ.

1965ರಲ್ಲಿ ಅಲ್ಲಿಯ ಸರ್ಕಾರ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಹೈಸ್ಕೂಲು ಮಾಡಿ ಎಂದು ಸ್ಥಳೀಯ ಆಡಳಿತಗಳಿಗೆ ಸುತ್ತೋಲೆ ಕಳಿಸಿತು. ಹೆಚ್ಚಿನ ಕಡೆ ಹನ್ನೊಂದರ ಪರೀಕ್ಷೆ ನಿಂತಿತು. ಆದರೂ ಇಂಗ್ಲೆಂಡಿನಲ್ಲಿ 160ಕ್ಕೂ ಹೆಚ್ಚು ಗ್ರಾಮರ್ ಸ್ಕೂಲುಗಳು ಇವತ್ತಿಗೂ ಇವೆ. ಅವುಗಳ ಸುತ್ತ ಟ್ಯೂಷನ್ ವ್ಯಾಪಾರವೂ ಇದೆ.

ಕೊಠಾರಿ ಹೇಳಿದ್ದು

ಇಂಗ್ಲೆಂಡ್ ತನ್ನ ಜರಡಿ ಮಡಚುತ್ತಿದ್ದ ಹೊತ್ತಿಗೇ ನಮ್ಮಲ್ಲಿ ಡಿ.ಎಸ್. ಕೊಠಾರಿ ಆಯೋಗ ಕೂತಿತ್ತು. 1966ರಲ್ಲಿ ಅದು ಕೊಟ್ಟ ವರದಿಯಲ್ಲಿ ಒಂದು ಖಡಕ್ ಮಾತಿದೆ. ಅನುಕೂಲಸ್ಥರ ಮಕ್ಕಳಿಗೆ ಫೀಸು ಕಟ್ಟುವ ಒಳ್ಳೆ ಶಾಲೆ, ಬಡವರ ಮಕ್ಕಳಿಗೆ ಸೌಕರ್ಯವಿಲ್ಲದ ಸರ್ಕಾರಿ ಶಾಲೆ. ಹೀಗಾಗಿ ಜನರನ್ನು ಕೂಡಿಸಬೇಕಾದ ಶಿಕ್ಷಣವೇ ಜನರನ್ನು ಒಡೆಯುತ್ತಿದೆ ಎಂದಿತು. ಪರಿಹಾರವನ್ನೂ ಹೇಳಿತು: ಸಮಾನ ಶಾಲೆ. ಗೌಡರ ಮಗನೂ ಕೂಲಿಯವನ ಮಗಳೂ ತಮ್ಮ ಕೇರಿಗೆ ಹತ್ತಿರದ ಒಂದೇ ಶಾಲೆಗೆ ಬರಲಿ, ಇಪ್ಪತ್ತು ವರ್ಷದಲ್ಲಿ ಹಂತಹಂತವಾಗಿ ಅಲ್ಲಿಗೆ ಮುಟ್ಟೋಣ ಎಂಬುದು ಅದರ ಆಸೆ.

ಪ್ರತಿಭೆ ಹುಡುಕುವ ಕೆಲಸವನ್ನು ಆಯೋಗ ತಳ್ಳಿಹಾಕಲಿಲ್ಲ. 1963ರಲ್ಲೇ ಎನ್‌ಸಿಇಆರ್‌ಟಿ ದೆಹಲಿಯಲ್ಲಿ 10 ವಿದ್ಯಾರ್ಥಿವೇತನಗಳೊಂದಿಗೆ ವಿಜ್ಞಾನ ಪ್ರತಿಭಾ ಶೋಧ ಶುರುಮಾಡಿತ್ತು. ಮರುವರ್ಷ ಅದು ದೇಶಕ್ಕೆಲ್ಲ ಹರಡಿತು. ಈಗಿನವರು ಎನ್‌ಟಿಎಸ್‌ಇ ಎಂದು ಕರೆದದ್ದು ಅದರ ಮುಂದುವರಿಕೆಯನ್ನೇ. ಕೊಠಾರಿ ಆಯೋಗದ ಮಾತಿನ ಸಾರ ಇಷ್ಟು: ನೆಲ ಎಲ್ಲ ಕಡೆ ಹದವಾಗಲಿ, ಆಮೇಲೆ ಎತ್ತರ ಬೆಳೆದ ಪೈರನ್ನು ಗುರುತಿಸೋಣ.

ಇಪ್ಪತ್ತು ವರ್ಷ ಕಳೆದು 1986 ಬಂತು. ಸಮಾನ ಶಾಲೆ ಬರಲಿಲ್ಲ. ಬಂದದ್ದು ನವೋದಯ.

ಸರ್ವೇಲ್‌ನಿಂದ ಗಾಜನೂರಿನವರೆಗೆ

ನವೋದಯದ ಬೇರು ತೆಲಂಗಾಣದ ಸರ್ವೇಲ್ ಎಂಬ ಹಳ್ಳಿಯಲ್ಲಿದೆ ಅನ್ನಬಹುದು. 1971ರಲ್ಲಿ ಆಂಧ್ರದ ಮುಖ್ಯಮಂತ್ರಿಯಾಗಿದ್ದ ಪಿ.ವಿ. ನರಸಿಂಹರಾವ್ ಅಲ್ಲಿ ಹಳ್ಳಿಯ ಬಡ ಜಾಣ ಮಕ್ಕಳಿಗೆ ಸರ್ಕಾರಿ ವಸತಿ ಶಾಲೆ ತೆರೆದರು. ಬೆನ್ನಿಗೇ ನಮ್ಮ ಗಡಿಯ ಆಚೆ, ಹಿಂದೂಪುರದ ಬಳಿಯ ಕೊಡಿಗೇನಹಳ್ಳಿಯಲ್ಲೂ ಅಂಥ ಶಾಲೆ ಬಂತು. 1985ರಲ್ಲಿ ಅದೇ ನರಸಿಂಹರಾವ್ ಕೇಂದ್ರದಲ್ಲಿ ಶಿಕ್ಷಣ ಖಾತೆ ಹೊತ್ತರು. ಪ್ರಧಾನಿ ರಾಜೀವ್ ಗಾಂಧಿ ಓದಿದ್ದು ಡೂನ್ ಶಾಲೆಯಲ್ಲಿ. ದುಡ್ಡಿದ್ದವರ ಮಕ್ಕಳಿಗೆ ಸಿಗುವ ಅಂಥ ವಸತಿ ಶಾಲೆ ಹಳ್ಳಿ ಮಕ್ಕಳಿಗೂ ಸಿಗಲಿ ಎಂಬ ಯೋಚನೆ ಹೀಗೆ ಗಟ್ಟಿಯಾಯಿತು. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ಎರಡು ಶಾಲೆ ತೆರೆದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಜಿಲ್ಲೆಗೊಂದರಂತೆ ಹರಡಿತು. ಶಿವಮೊಗ್ಗದ ಗಾಜನೂರು, ಕೊಡಗಿನ ಗಾಳಿಬೀಡು, ಹಾಸನದ ಮಾವಿನಕೆರೆ, ದಕ್ಷಿಣ ಕನ್ನಡದ ಮುಡಿಪು, ಚಿಕ್ಕೋಡಿ ಕಡೆಯ ಕೊಥಳಿ: ಈ ಹಳ್ಳಿ ಹೆಸರುಗಳು ನಮಗೆ ಪರಿಚಯವಾದದ್ದು ನವೋದಯದಿಂದಲೇ.

ತಮಿಳುನಾಡು ಮಾತ್ರ ಇದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮೂರು ಭಾಷೆಯ ನಿಯಮದ ಮೂಲಕ ಹಿಂದಿ ಬರುತ್ತದೆ ಎಂಬುದು ಅದರ ತಕರಾರು.

ಒಂದು ವಿಚಾರ ಇಲ್ಲಿ ನೆನಪಿಡಬೇಕು. ಅದೇ 1986ರ ನೀತಿಯಿಂದಲೇ ಮರುವರ್ಷ "ಆಪರೇಷನ್ ಬ್ಲ್ಯಾಕ್‌ಬೋರ್ಡ್" ಯೋಜನೆ ಬಂತು. ಅದರ ಗುರಿ ಏನು? ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಟೀಚರು, ಕರಿಹಲಗೆ, ಒಂದಿಷ್ಟು ಪಾಠೋಪಕರಣ. ಒಂದೇ ನೀತಿ ಒಂದು ಕೈಯಲ್ಲಿ ಜಿಲ್ಲೆಯ 80 ಮಕ್ಕಳಿಗೆ ಲ್ಯಾಬು, ಹಾಸ್ಟೆಲ್ಲು ಕೊಟ್ಟಿತು. ಇನ್ನೊಂದು ಕೈಯಲ್ಲಿ ಉಳಿದವರಿಗೆ ಎರಡನೇ ಕೋಣೆ ಕೊಡಲು ಹೊರಟಿತು.

1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ನೇಮಿಸಿದ ಆಚಾರ್ಯ ರಾಮಮೂರ್ತಿ ಸಮಿತಿ ನವೋದಯವನ್ನೇ ಪ್ರಶ್ನೆ ಮಾಡಿತು. ಮತ್ತೆ ಸಮಾನ ಶಾಲೆಯ ಕಡೆ ತಿರುಗಿ ಎಂದಿತು. ಆದರೆ 1991ರಲ್ಲಿ ನರಸಿಂಹರಾವ್ ಅವರೇ ಪ್ರಧಾನಿಯಾದರು. 1992ರಲ್ಲಿ ತಿದ್ದಿದ ನೀತಿಯಲ್ಲಿ ನವೋದಯ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಪರೀಕ್ಷೆ ಮಾಡಿ ಶಾಲೆಗೆ ಸೇರಿಸಿಕೊಳ್ಳಬಾರದು ಎಂದು ಹೇಳಿದರೂ ನವೋದಯವನ್ನು ಅದೇ ಕಾಯ್ದೆ "ನಿರ್ದಿಷ್ಟ ವರ್ಗ"ದ ಶಾಲೆ ಎಂದು ಬೇರೆ ಇಟ್ಟಿತು. ಪರೀಕ್ಷೆ ಮುಂದುವರಿಯಿತು.

ಒಳಗೆ ಹೋದವರು ಯಾರು?

ನವೋದಯ ಒಳ್ಳೆಯದನ್ನು ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. ಅದರ ನಿಯಮಗಳಲ್ಲೇ ಒಂದು ನ್ಯಾಯವಿದೆ. ಕನಿಷ್ಠ 75 ಶೇಕಡಾ ಸೀಟು ಹಳ್ಳಿ ಮಕ್ಕಳಿಗೆ, ಅಂದರೆ 80ರಲ್ಲಿ 60. ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡಕ್ಕೆ ಜಿಲ್ಲೆಯ ಜನಸಂಖ್ಯೆ ನೋಡಿ ಮೀಸಲಾತಿ, ಈಚೆಗೆ ಹಿಂದುಳಿದ ವರ್ಗಕ್ಕೂ 27 ಶೇಕಡಾ. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು, ಅರ್ಜಿಗೆ ಶುಲ್ಕವಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಒಂದಿಷ್ಟು ಮಕ್ಕಳು ಹಿಂದಿ ರಾಜ್ಯದ ನವೋದಯಕ್ಕೆ ಹೋಗಿ, ಅಲ್ಲಿಯವರು ಇಲ್ಲಿಗೆ ಬಂದು ಒಂದು ವರ್ಷ ಕೂಡಿ ಓದುತ್ತಾರೆ. ಹಲವು ಜಾತಿಯ ಮಕ್ಕಳು ಒಂದೇ ಡಾರ್ಮೆಟ್ರಿಯಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಣ್ಣುವ ದೃಶ್ಯ ನಮ್ಮ ಎಷ್ಟೋ ಊರುಗಳಲ್ಲಿ ಇನ್ನೂ ಕಾಣಸಿಗುವುದಿಲ್ಲ. ನವೋದಯದಲ್ಲಿ ಅದು ದಿನನಿತ್ಯದ ಮಾತು.

ಹಾಗಿದ್ದರೆ ತೊಡಕು ಎಲ್ಲಿ?

ಮೊದಲನೆಯದು, "ಹಳ್ಳಿ" ಅಂದರೆ "ಬಡವ" ಅಂತಲ್ಲ. ಮಗು ಮೂರನೇ, ನಾಲ್ಕನೇ, ಐದನೇ ತರಗತಿಯನ್ನು ಹಳ್ಳಿಯ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿರಬೇಕು ಎನ್ನುತ್ತದೆ ನಿಯಮ. ಆ ಶಾಲೆ ಸರ್ಕಾರಿಯೋ ಖಾಸಗಿಯೋ ಎಂದು ಕೇಳುವುದಿಲ್ಲ. ವ್ಯಾನಿನಲ್ಲಿ ಹೋಗಿ ಕಾನ್ವೆಂಟಿನಲ್ಲಿ ಓದುವ ಮಗುವೂ ಹಳ್ಳಿಯದೇ. ಬಗರ್‌ಹುಕುಂ ಜಮೀನಿನವರ ಮಗುವೂ ಹಳ್ಳಿಯದೇ. 1986ರಲ್ಲಿ ಹಳ್ಳಿಯಲ್ಲಿ ಖಾಸಗಿ ಶಾಲೆ ಅಪರೂಪ, ಈ ನಿಯಮ ಸಾಕಾಗುತ್ತಿತ್ತು. ಈಗ ಹಳ್ಳಿಯೊಳಗೇ ಎರಡು ಹಳ್ಳಿಗಳಾಗಿವೆ.

ಎರಡನೆಯದು, ಕೋಚಿಂಗ್. ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯದ ಚಿತ್ರ ಪ್ರಶ್ನೆಗಳಿಗೆ. ಉಳಿದದ್ದು ಗಣಿತ, ಭಾಷೆ. ಚಿತ್ರ ಪ್ರಶ್ನೆ ಇಟ್ಟದ್ದರ ಹಿಂದೆ ಒಳ್ಳೆಯ ಉದ್ದೇಶವೇ ಇತ್ತು: ಓದು ಸರಿಯಾಗಿ ಸಿಗದ ಮಗುವಿನ ಚುರುಕುತನವೂ ಕಾಣಲಿ ಎಂದು. ಆದರೆ ಒಂದೇ ಥರದ ಚಿತ್ರಗಳನ್ನು ಒಂದು ವರ್ಷ ತಿದ್ದಿದ ಮಗುವಿಗೂ, ಪರೀಕ್ಷೆ ದಿನವೇ ಮೊದಲ ಸಲ ನೋಡಿದ ಮಗುವಿಗೂ ಅದು ಒಂದೇ ಪ್ರಶ್ನೆಪತ್ರಿಕೆ ಆಗುವುದಿಲ್ಲ. ಅದೂ ಒಂದೇ ಅವಕಾಶ. ಮತ್ತೊಂದು ಸಲ ಬರೆಯುವಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ಮೊದಲು ಬರುವಂಥದು: ಅರ್ಜಿ. ಆನ್‌ಲೈನ್ ಫಾರಂ, ಫೋಟೋ, ಸಹಿ, ಹೆಡ್‌ಮಾಸ್ಟರ ಪ್ರಮಾಣಪತ್ರ. ಇದನ್ನು ಮಾಡಿಸಲು ದೊಡ್ಡವರೊಬ್ಬರು ಒಂದು ದಿನದ ಕೂಲಿ ಬಿಟ್ಟು ಓಡಾಡಬೇಕು. ಅದಕ್ಕೂ ಮುಂಚೆ ನವೋದಯ ಅಂತ ಒಂದಿದೆ ಎಂದು ಅವರ ಕಿವಿಗೆ ಬಿದ್ದಿರಬೇಕು. ಕಬ್ಬು ಕಡಿಯಲು ಗುಳೆ ಹೋದ ಮನೆಯ ಮಗು, ಹಾಡಿಯ ಮಗು, ತಾಂಡಾದ ಮಗು ಪರೀಕ್ಷೆಯಲ್ಲಿ ಫೇಲಾಗುವುದಿಲ್ಲ. ಅವರ ಹೆಸರು ಪರೀಕ್ಷೆಯವರೆಗೆ ಹೋಗುವುದೇ ಇಲ್ಲ.

ಜೊತೆಗೆ ಊರ ಶಾಲೆಯ ನಷ್ಟ. ಚುರುಕು ಮಗು ಹೋದಾಗ ಅದರ ಜೊತೆ, ಶಾಲೆಗೆ ಬಂದು ಮೇಷ್ಟ್ರನ್ನು ಪ್ರಶ್ನೆ ಕೇಳುವ ಅಪ್ಪ ಅಮ್ಮನೂ ಹೋಗುತ್ತಾರೆ. ಕರ್ನಾಟಕದಲ್ಲಿ ನವೋದಯದ ಮೇಲೆ ಇನ್ನೂ ಪದರಗಳಿವೆ: ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, 74 ಆದರ್ಶ ವಿದ್ಯಾಲಯಗಳು. ಒಂದೊಂದಕ್ಕೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ಎಲ್ಲ ಜರಡಿಗಳನ್ನೂ ದಾಟಿ ಕೆಳಗೆ ಉಳಿದವರ ಶಾಲೆಯೇ ಊರ ಶಾಲೆ ಎಂಬ ಮಾತು ಬಂದಾಗ, ಅಲ್ಲಿ ಕೂತ ಮಗುವಿಗೆ ತನ್ನ ಬಗ್ಗೆ ಏನನ್ನಿಸಬೇಕು?

ಫ್ಲಾರಿಡಾದ ಒಂದು ಪಾಠ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಬ್ರೋವರ್ಡ್ ಎಂಬ ಕೌಂಟಿ ಇದೆ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಪ್ರತಿಭಾವಂತ ಮಕ್ಕಳಿಗೆ ಬೇರೆ ತರಗತಿ ಇತ್ತು. ಪಾಲಕರೋ ಟೀಚರೋ ಹೆಸರು ಸೂಚಿಸಿದರೆ ಪರೀಕ್ಷೆ. ಟರ್ಮನ್ ಕಾಲದ್ದೇ ಪದ್ಧತಿ. ಫಲವೂ ಅದೇ: ಕಪ್ಪು ಮಕ್ಕಳು, ಸ್ಪ್ಯಾನಿಷ್ ಮಾತಾಡುವ ವಲಸಿಗರ ಮಕ್ಕಳು, ಬಡವರ ಮಕ್ಕಳು ತೀರಾ ಕಡಿಮೆ.

2005ರಲ್ಲಿ ಅವರು ಒಂದು ಬದಲಾವಣೆ ಮಾಡಿದರು. ಎರಡನೇ ತರಗತಿಯ ಪ್ರತಿ ಮಗುವಿಗೂ ಶಾಲೆಯಲ್ಲೇ ಒಂದು ಸಣ್ಣ ಪರೀಕ್ಷೆ. ಅದರಲ್ಲಿ ಮುಂದೆ ಬಂದವರಿಗೆ ಪೂರ್ತಿ ಪರೀಕ್ಷೆ. ಪಾಸ್ ಮಾರ್ಕ್ ಇಳಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದರ ಲೆಕ್ಕ ನೋಡಿದರು. ಆಯ್ಕೆಯಾದ ಕಪ್ಪು ಮಕ್ಕಳ ಪ್ರಮಾಣ 80 ಶೇಕಡಾ, ಸ್ಪ್ಯಾನಿಷ್ ಮೂಲದವರದು 130 ಶೇಕಡಾ ಹೆಚ್ಚಿತ್ತು. ಆ ಮಕ್ಕಳು ಹೊಸದಾಗಿ ಜಾಣರಾಗಲಿಲ್ಲ. ಮೊದಲಿಂದಲೂ ಅಲ್ಲೇ ಇದ್ದರು, ಯಾರೂ ಹೆಸರು ಕೊಟ್ಟಿರಲಿಲ್ಲ. ಮುಂದೆ ದುಡ್ಡಿಲ್ಲ ಎಂದು ಎಲ್ಲರ ಪರೀಕ್ಷೆ ನಿಲ್ಲಿಸಿದಾಗ ಹಳೇ ಅಂತರ ಮತ್ತೆ ಬಂತು.

ಅಲ್ಲಿಯ ಇನ್ನೊಂದು ನಿಯಮವೂ ನಮಗೆ ಬೇಕಾದದ್ದು. ಒಂದು ಶಾಲೆಯ ಒಂದು ತರಗತಿಯಲ್ಲಿ ಇಂಥ ಒಂದೇ ಮಗು ಇದ್ದರೂ ಅದೇ ಶಾಲೆಯಲ್ಲಿ ವಿಶೇಷ ತರಗತಿ ತೆರೆಯಬೇಕು. ಖಾಲಿ ಸೀಟುಗಳನ್ನು ಅದೇ ಶಾಲೆಯ, ಚೆನ್ನಾಗಿ ಓದುವ ಉಳಿದ ಮಕ್ಕಳಿಂದ ತುಂಬಬೇಕು. ಹಾಗೆ ಸೇರಿದವರಲ್ಲಿ ಕಪ್ಪು ಮತ್ತು ಸ್ಪ್ಯಾನಿಷ್ ಮೂಲದ ಮಕ್ಕಳು ಬಹಳ ಮುಂದೆ ಬಂದರು. ಉಳಿದ ತರಗತಿಗಳ ಮಕ್ಕಳಿಗೆ ನಷ್ಟವಾದದ್ದು ಕಾಣಲಿಲ್ಲ ಎಂದು ಅದೇ ಇಬ್ಬರು ಬರೆದಿದ್ದಾರೆ. ಜಾಣ ಮಗುವಿಗೆ ಹೆಚ್ಚಿನದು ಕೊಡಲು ಅದನ್ನು ಊರಿಂದ ಕಿತ್ತುಕೊಂಡೇ ಹೋಗಬೇಕಿಲ್ಲ.

ಇನ್ನು ನಮ್ಮ ಊರಿಗೆ ಬರೋಣ

ಈ ಇತಿಹಾಸ ನಮಗೆ ಹೇಳುವುದೇನು? ಬಿನೆ, ಟರ್ಮನ್, ಬರ್ಟ್, ಬ್ರೋವರ್ಡ್ ಎಲ್ಲರ ಕತೆಯಲ್ಲೂ ಒಂದು ಸಾಮಾನ್ಯ ಸಂಗತಿ ಇದೆ. ಅನ್ಯಾಯ ಪ್ರಶ್ನೆಪತ್ರಿಕೆಯೊಳಗೆ ಮಾತ್ರ ಇರಲಿಲ್ಲ. ಆ ಕೋಣೆಯೊಳಗೆ ಯಾರನ್ನು ಬಿಟ್ಟರು ಎನ್ನುವುದರಲ್ಲಿ ಇತ್ತು, ಹೊರಗೆ ಉಳಿದವರಿಗೆ ಏನು ಕೊಟ್ಟರು ಎನ್ನುವುದರಲ್ಲಿ ಇತ್ತು.

ಹೊರಗೆ ಉಳಿದವರ ವಿಚಾರ ಸರ್ಕಾರದ ಕೆಲಸ. ಹೆಚ್ಚು ಟೀಚರು, ಒಳ್ಳೆ ಕಟ್ಟಡ ಎಂದು ಕೇಳುವುದನ್ನು ನಾವು ಬಿಡುವಂತಿಲ್ಲ. ಕೊಠಾರಿ ಆಯೋಗ ಹೇಳಿ ಅರವತ್ತು ವರ್ಷವಾಯಿತು ಎಂದು ಪ್ರತಿ ಗ್ರಾಮಸಭೆಯಲ್ಲೂ ನೆನಪಿಸಬಹುದು. ಪ್ರವೇಶದ ನಿಯಮದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಲು ಇಡಿ ಎಂದು ಕೇಳಬಹುದು. ಅಮೆರಿಕದ ಟೆಕ್ಸಸ್ ರಾಜ್ಯ 1997ರಲ್ಲಿ ಪ್ರತಿ ಹೈಸ್ಕೂಲಿನ ಮೊದಲ 10 ಶೇಕಡಾ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಖಾತ್ರಿ ಮಾಡಿ ಕಾನೂನು ತಂದಿತು. ಆಗ ಪೇಟೆಯ ದೊಡ್ಡ ಶಾಲೆಯ ಜೊತೆ ಹಳ್ಳಿ ಶಾಲೆಯ ಮೊದಲ ಸಾಲಿನ ಮಗುವಿಗೂ ಬಾಗಿಲು ತೆರೆಯಿತು. ಅಂಥ ಯೋಚನೆ ಇಲ್ಲೂ ಆಗದ ಮಾತೇನಲ್ಲ.

ಆದರೆ ಕೋಣೆಯ ಬಾಗಿಲು ಊರಿನ ಕೈಯಲ್ಲೇ ಇದೆ. ನಿಮ್ಮ ಊರಿನ ಐದನೇ ತರಗತಿಯಲ್ಲಿ ಹದಿನೆಂಟು ಮಕ್ಕಳಿದ್ದರೆ ಹದಿನೆಂಟು ಅರ್ಜಿ ಹೋಗಲಿ. "ಇವನು ಬರೀತಾನೆ, ಅವಳು ಬೇಡ" ಎಂದು ಮೊದಲೇ ಆರಿಸುವುದು ಬೇಡ. ಟರ್ಮನ್‌ನ ಜರಡಿ ತೂತುಬಿದ್ದದ್ದು ಅಲ್ಲೇ. ಎಸ್‌ಡಿಎಂಸಿ ಸಭೆಯಲ್ಲಿ ಒಂದು ದಿನ ಗೊತ್ತು ಮಾಡಿ, ಓದಿದ ಹುಡುಗ ಹುಡುಗಿಯರು ತಮ್ಮ ಮೊಬೈಲ್ ಹಿಡಿದು ಶಾಲೆಗೆ ಬರಲಿ. ಹೆಡ್‌ಮಾಸ್ಟರು ಪ್ರಮಾಣಪತ್ರಕ್ಕೆ ಸಹಿ ಹಾಕಲಿ. ಎಲ್ಲ ಮಕ್ಕಳ ಅರ್ಜಿ ಅಲ್ಲೇ ಕೂತು ತುಂಬಿ. ಹಳೇ ಪ್ರಶ್ನೆಪತ್ರಿಕೆಗಳನ್ನು ಗ್ರಂಥಾಲಯದಲ್ಲಿಡಿ. ವಾರಕ್ಕೆ ಎರಡು ಸಂಜೆ ಯಾರಾದರೂ ಒಬ್ಬರು ಆ ಚಿತ್ರ ಪ್ರಶ್ನೆಗಳನ್ನು ಎಲ್ಲರಿಗೂ ಬಿಡಿಸಿ ತೋರಿಸಲಿ.

ಹದಿನೆಂಟರಲ್ಲಿ ಒಬ್ಬರಿಗೆ ಸೀಟು ಸಿಗಬಹುದು, ಸಿಗದೆಯೂ ಇರಬಹುದು. ಸೀಟು ಸಿಗದ ಹದಿನೇಳು ಮಕ್ಕಳಿಗೆ ಫಲಿತಾಂಶದ ದಿನ ಮನೆಯಲ್ಲಿ ಒಂದು ಮಾತು ಹೇಳಿ: ಅದು ನಿನ್ನ ಬುದ್ಧಿಯ ತೂಕವಲ್ಲ, ಜಿಲ್ಲೆಗೆ ಇದ್ದದ್ದು 80 ಸೀಟು ಅಷ್ಟೇ. ಮರುದಿನ ಅವರು ಹೋಗುವ ಶಾಲೆಯಲ್ಲಿ ಟೀಚರ್ ಇದ್ದಾರಾ, ಲೈಬ್ರರಿಯ ಬೀಗ ತೆಗೆದಿದೆಯಾ ಎಂದು ನೋಡಿ ಬನ್ನಿ.